ಎಲ್ಲರೂ ಮೇಲೆ ನೋಡಿದ ಗಳಿಗೆ

ಡ್ರಾಯಿಂಗ್ ಮೇಷ್ಟ್ರು ಮೆಟ್ಟಿಲು ಹತ್ತುವಾಗ ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದು ಕೈಯಲ್ಲಿ ಡಾಕ್ಟರ ತೋಳನ್ನೂ ಹಿಡಿದುಕೊಂಡಿದ್ದರು. ಅವರ ಕಣ್ಣಿನ ಸ್ಥಿತಿ ಡಾಕ್ಟರಿಗಿಂತ ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ದೃಷ್ಟಿಯ ನಟ್ಟನಡುವೆ ಒಂದು ಮಸುಕು ಕಲೆ ಕೂತು ನಿಧಾನವಾಗಿ ಹರಡುತ್ತಿತ್ತು. ಅದನ್ನು ನಿಲ್ಲಿಸಲು ಡಾಕ್ಟರ ಕೈಯಲ್ಲಿ ಆದದ್ದು ಅಷ್ಟರಲ್ಲೇ ಇತ್ತು. ಆದರೆ ಇವತ್ತು ಅವರು ಮೇಷ್ಟ್ರನ್ನು ಇಲ್ಲಿಗೆ ಕರೆತಂದದ್ದು ಕಣ್ಣಿನ ವಿಷಯಕ್ಕಲ್ಲ.

ಮೇಲೆ ಡಾಕ್ಟರ ನಾದಿನಿ ಒಬ್ಬಳೇ ಕೂತು ಕೇರಂ ಆಡುತ್ತಿದ್ದಳು. ಕೋರ್ಟಿನಲ್ಲಿ ವಾದ ಮಾಡುವುದಕ್ಕಿಂತ, ವಾದಕ್ಕೆ ಮೊದಲು ನಡೆದದ್ದೇನೆಂದು ಹುಡುಕುವುದೇ ರುಚಿ ಎಂದು ಕಂಡುಕೊಂಡ ಮೇಲೆ ಅವಳು ಕರಿಕೋಟನ್ನು ಬೀರುವಿಗೆ ಸೇರಿಸಿ ಪತ್ತೇದಾರಿಕೆಗೆ ಇಳಿದಿದ್ದಳು. ಊರಿನವರಿಗೆ ಮಾತ್ರ ಅವಳು ಇನ್ನೂ ವಕೀಲಮ್ಮನೇ. ಅವಳ ಜೊತೆ ಓಡಾಡುತ್ತ ಡಾಕ್ಟರು ಎಷ್ಟೋ ಭಾನುವಾರಗಳನ್ನು ಕಳೆದುಕೊಂಡಿದ್ದರು. ಒಂದಕ್ಕೂ ವ್ಯಥೆಪಟ್ಟಿರಲಿಲ್ಲ.

"ಕೂತ್ಕೊಳ್ಳಿ ಮೇಷ್ಟ್ರೇ. ಏನು ಕಳೆದುಹೋಯ್ತು?" ಎಂದಳು ವಕೀಲಮ್ಮ.

"ಕಳೆದುಹೋಗಿದೆ ಅಂತ ಹೇಗೆ ಗೊತ್ತಾಯ್ತಮ್ಮ?"

"ಬಂದಾಗಿನಿಂದ ಹೆಗಲಮೇಲಿನ ಚೀಲ ಮುಟ್ಟಿ ಮುಟ್ಟಿ ನೋಡ್ಕೊಳ್ತಾ ಇದ್ದೀರಲ್ಲ."

ಮೇಷ್ಟ್ರು ಚೀಲ ಬಿಚ್ಚಿ ಒಂದು ಚಿಕ್ಕ ತಗಡಿನ ಡಬ್ಬಿಯನ್ನು ಹೊರಗಿಟ್ಟರು. ಅದು ಖಾಲಿಯಿತ್ತು. "ಇದರೊಳಗೆ ನನ್ನ ಹಾರ್ಡ್ ಡಿಸ್ಕ್ ಇತ್ತು. ಇಪ್ಪತ್ತು ವರ್ಷದ ಫೋಟೋಗಳು. ಎಲ್ಲಾ ನಮ್ಮ ವಾಯುನೆಲೆಯ ವಿಮಾನಗಳದ್ದು."

ಆಮೇಲೆ ಅವರು ಹೇಳಿದ ಕತೆಯಲ್ಲಿ ಅರ್ಧಭಾಗ ಡಾಕ್ಟರಿಗೆ ಮೊದಲೇ ಗೊತ್ತಿತ್ತು. ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದ ಕಾಲದಿಂದ ಮೇಷ್ಟ್ರಿಗೆ ಯುದ್ಧವಿಮಾನಗಳ ಹುಚ್ಚು. ಬೇಲಿಯೊಳಗೆ ಒಂದು ಸಲವೂ ಕಾಲಿಟ್ಟವರಲ್ಲ. ಯಾರು ಬೇಕಾದರೂ ಹೋಗಿ ನಿಲ್ಲಬಹುದಾದ ಜಾಗಗಳನ್ನೇ ಹುಡುಕಿ ಹುಡುಕಿ ನಿಂತವರು. ರೈಲ್ವೆ ಮೇಲ್ಸೇತುವೆ, ನೀರಿನ ಟ್ಯಾಂಕಿನ ಪಕ್ಕದ ಉದ್ಯಾನ, ಹಳೇ ಕಾಲುವೆಯ ದಂಡೆ. ಬೆನ್ನಿಗೆ ಬಿಸಿಲಿರಬೇಕು, ನಿಂತ ನೆಲ ಬೇಲಿಗಿಂತ ಎತ್ತರವಿರಬೇಕು, ರನ್‌ವೇ ಕಾದು ಗಾಳಿ ಕುಣಿಯುವ ಮೊದಲೇ ಕೆಲಸ ಮುಗಿಯಬೇಕು. "ಜಾಗ ಸಿಕ್ಕಿದರೆ ಅರ್ಧ ಫೋಟೋ ತೆಗೆದ ಹಾಗೆ" ಎನ್ನುತ್ತಿದ್ದರು. ಹೊಸಬರು ಬಂದು ಕೇಳಿದರೆ ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದರು. ಹೀಗೆ ಬೇಲಿಯ ಹೊರಗೆ ನಿಂತು ತೆಗೆದ ಚಿತ್ರಗಳು ಕೊನೆಗೆ ಬೇಲಿಯೊಳಗಿನವರ ಕಣ್ಣಿಗೂ ಬಿದ್ದವು. ವಾಯುನೆಲೆಯ ಹೊಸ ಸಂಗ್ರಹಾಲಯದ ಗೋಡೆಗೆ ಅವನ್ನೇ ಹಾಕುವುದೆಂದು ಅಧಿಕಾರಿಗಳು ತೀರ್ಮಾನಿಸಿದ್ದರು.

"ನಿನ್ನೆ ಹಳೇ ವಿಮಾನಗಳ ಕೊನೇ ಹಾರಾಟ ಇತ್ತು," ಎಂದರು ಮೇಷ್ಟ್ರು. "ಇನ್ನು ಅವು ಹಾರೋದಿಲ್ಲ. ಎಂಥಾ ಚೆಂದದ ವಿಮಾನ ಗೊತ್ತಾ! ತೆಳ್ಳಗೆ ಉದ್ದಕ್ಕೆ ಇದೆ. ಮೂತಿಯ ಬಲಗಡೆ ಒಂದು ಕೊಳವೆ, ಆಕಾಶದಲ್ಲೇ ಇಂಧನ ಹೀರ್ಕೊಳ್ಳೋದಕ್ಕೆ. ಥೇಟ್ ಸೊಳ್ಳೆ! ಹಾರಾಟ ನೋಡಿ, ಅಲ್ಲಿಂದ ನೇರ ಸಂಗ್ರಹಾಲಯಕ್ಕೆ ಹೋಗಿ ಡಿಸ್ಕ್ ಕೊಡೋದು ಅಂತಿತ್ತು. ಅಧಿಕಾರಿ ಮುಂದೆ ಡಬ್ಬಿ ತೆರೆದೆ..." ಅವರು ಖಾಲಿ ಡಬ್ಬಿಯನ್ನು ಅವಳ ಕಡೆಗೆ ತಳ್ಳಿದರು.

"ಇನ್ನೊಂದು ಪ್ರತಿ?"

"ಕಂಪ್ಯೂಟರ್ ಹೋದ ವರ್ಷವೇ ಕೈಕೊಟ್ಟಿತು. ಪ್ರತಿ ಮಾಡಿಸಿಡಿ ಅಂತ ಮಗಳು ಹೇಳ್ತಾನೇ ಇದ್ದಳು."

"ಡಿಸ್ಕ್ ಡಬ್ಬಿಯಲ್ಲಿದ್ದದ್ದನ್ನ ಕೊನೆಗೆ ನೋಡಿದ್ದು ಯಾವಾಗ?"

"ಕಾಲುವೆ ದಂಡೆ ಮೇಲೆ. ವಿಮಾನಗಳು ಏರೋಕೆ ಸ್ವಲ್ಪ ಮೊದಲು ಎಲ್ಲರಿಗೂ ತೋರಿಸಿದೆ. ಡಬ್ಬಿ ಮುಚ್ಚಿ ಚೀಲದಲ್ಲಿಟ್ಟು, ಚೀಲವನ್ನ ಹಿಂದಿನ ಕಲ್ಲಿನ ಮೇಲಿಟ್ಟೆ. ವಿಮಾನ ಹೋದ ಕೂಡಲೇ ಹೆಗಲಿಗೆ ಹಾಕ್ಕೊಂಡೆ. ಅಲ್ಲಿಂದ ಇಳಿಸಲೇ ಇಲ್ಲ."

"ದಂಡೆ ಮೇಲೆ ಯಾರ್ಯಾರಿದ್ದರು?"

ಜನಜಾತ್ರೆಯೆಲ್ಲ ಮುಖ್ಯ ರಸ್ತೆಯ ದಿಬ್ಬದ ಮೇಲಿತ್ತು. ಕಾಲುವೆಯ ತಿರುವಿನಲ್ಲಿದ್ದವರು ನಾಲ್ಕೇ ಜನ: ಮೇಷ್ಟ್ರು, ಬೇಕರಿಯಾಕೆ, ಸ್ಟುಡಿಯೋದವನು, ಮತ್ತೆ ಮೇಷ್ಟ್ರನ್ನು ಕಾರಿನಲ್ಲಿ ಕರೆತಂದಿದ್ದ ಅಳಿಯ.

"ಅಳಿಯಂದಿರಿಗೂ ವಿಮಾನದ ಹುಚ್ಚೇ?"

ಮೇಷ್ಟ್ರು ತಲೆ ತಗ್ಗಿಸಿದರು. "ಇಲ್ಲ. ಈ ಕಣ್ಣಿಟ್ಟುಕೊಂಡು ಕಾಲುವೆ ದಂಡೆ ಹತ್ತೋದು ಬೇಡ ಅಂತ ಅವತ್ತು ಬೆಳಿಗ್ಗೆಯೂ ಜಗಳ ಆಡಿದ್ದರು. 'ಆ ಫೋಟೋಗಳು ತೊಲಗಿದರೆ ಸಾಕು' ಅಂತ ಬಾಯಿತಪ್ಪಿ ಅಂದುಬಿಟ್ಟರು."

ಮೇಷ್ಟ್ರನ್ನು ಆಟೋ ಹತ್ತಿಸಿ ಬಂದ ಡಾಕ್ಟರು ನಾದಿನಿಯ ಎದುರು ನಿಂತರು. "ನೋಡಮ್ಮ, ಆ ಫೋಟೋಗಳನ್ನ ಮತ್ತೆ ತೆಗೆಯೋಕೆ ವಿಮಾನವೂ ಇಲ್ಲ, ಅವರ ಕಣ್ಣೂ ಇಲ್ಲ. ಹೇಗಾದರೂ ಹುಡುಕಿಕೊಡು."

"ನಡೀರಿ ಭಾವ," ಎಂದು ಅವಳು ಕೇರಂ ಹಲಗೆಯನ್ನು ಗೋಡೆಗೆ ಆನಿಸಿಟ್ಟಳು.

ಬೇಕರಿಯಾಕೆ ಕೈಯ ಹಿಟ್ಟು ಒರೆಸಿಕೊಂಡು ಅವರ ಜೊತೆ ಕಾಲುವೆ ದಂಡೆಗೆ ಬಂದಳು. ಬಾಯಿತುಂಬ ನಗುವ ದಢೂತಿ ಹೆಂಗಸು. ಮೇಷ್ಟ್ರೇ ಅವಳಿಗೆ ಕ್ಯಾಮೆರಾ ಹಿಡಿಯಲು ಕಲಿಸಿದ್ದು. ದಂಡೆಯ ಕೆಳಗೆ ಸಾರ್ವಜನಿಕ ರಸ್ತೆ, ಅದರಾಚೆ ಬೇಲಿ, ಬೇಲಿಯಾಚೆ ಉದ್ದಕ್ಕೆ ಮಲಗಿದ ರನ್‌ವೇ. ಎಂಥ ಜಾಗ ಹುಡುಕಿದ್ದಾರಪ್ಪ ಎಂದು ಡಾಕ್ಟರು ಬೆರಗಾದರು. ಬೇಲಿಯ ಒಂದು ತಂತಿಯೂ ಕಣ್ಣಿಗೆ ಅಡ್ಡ ಬರುತ್ತಿರಲಿಲ್ಲ.

"ನಾನು, ಮೇಷ್ಟ್ರು ಇಲ್ಲಿ ಮುಂದೆ. ಆ ಪೊದೆ ಪಕ್ಕ ಸ್ಟುಡಿಯೋದವರು. ಅಳಿಯ ಇಲ್ಲೇ ಎಲ್ಲೋ ಮುಖ ಊದಿಸ್ಕೊಂಡು ನಿಂತಿದ್ದರು," ಎಂದಳು ಬೇಕರಿಯಾಕೆ. "ಮೊನ್ನೆ ರಿಹರ್ಸಲ್ ದಿನ ವಿಮಾನಗಳು ಎಡದಿಂದ ಬಲಕ್ಕೆ ಏರಿದ್ದವು. ಅವತ್ತು ನಾವೆಲ್ಲ ಇದ್ದೆವು. ನಿನ್ನೆ ಗಾಳಿ ತಿರುಗಿಬಿಟ್ಟಿತ್ತು ನೋಡಿ, ಬಲದಿಂದ ಎಡಕ್ಕೆ ಏರಿದವು. ವಿಮಾನ ಯಾವಾಗಲೂ ಗಾಳಿಗೆ ಎದೆಕೊಟ್ಟೇ ಏರಬೇಕಲ್ಲ. ಅಬ್ಬಾ, ಆ ಸದ್ದು! ಹಿಂದೆ ಯಾರಾದರೂ ಬಂದು ನನ್ನ ಜಡೆ ಕತ್ತರಿಸಿದ್ದರೂ ಗೊತ್ತಾಗ್ತಿರಲಿಲ್ಲ."

"ವಿಮಾನ ಏರಿದ ಗಳಿಗೆಯಲ್ಲಿ ತೆಗೆದ ಫೋಟೋ ಇದೆಯಾ? ಒಂದು ಪ್ರಿಂಟ್ ಬೇಕಾಗಿತ್ತು," ಎಂದಳು ವಕೀಲಮ್ಮ.

"ಅದಕ್ಕೇನಂತೆ, ಸಂಜೆಗೆ ಕಳಿಸ್ತೀನಿ."

ಸ್ಟುಡಿಯೋದವನು ಅಂಗಡಿಯಲ್ಲಿ ಒಂದು ಮಗುವಿನ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ಮಗು ಕ್ಯಾಮೆರಾ ಬಿಟ್ಟು ಉಳಿದೆಲ್ಲದರ ಕಡೆ ನೋಡುತ್ತಿತ್ತು. ವಿಷಯ ಕೇಳಿ ಅವನು ಮರುಕದಿಂದ ಲೊಚಗುಟ್ಟಿದ. "ಪಾಪ, ಮೇಷ್ಟ್ರು! ನಾನಂತೂ ಪೊದೆ ಹತ್ತಿರ ಫೋಟೋ ತೆಗೀತಾ ಇದ್ದೆ. ಹಿಂದೆ ಏನಾಯ್ತೋ ದೇವರೇ ಬಲ್ಲ." ಕೇಳಿದ ಕೂಡಲೇ ಒಂದು ದೊಡ್ಡ ಪ್ರಿಂಟ್ ತೆಗೆದುಕೊಟ್ಟ. ವಿಮಾನದ ಮುಂಭಾಗ ಮಾತ್ರ, ಎಡಕ್ಕೆ ಮೂತಿ ಚಾಚಿ ಏರುತ್ತಿತ್ತು. ಗಾಜಿನ ಗೂಡಿನೊಳಗೆ ಪೈಲಟ್‌ನ ಶಿರಸ್ತ್ರಾಣವೂ, ಮೂತಿಯ ಪಕ್ಕದ ಕೊಳವೆಯೂ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

"ಬಾಲ ಯಾಕೆ ಬಿಟ್ಟಿರಿ?" ಎಂದಳು ವಕೀಲಮ್ಮ.

"ಮುಖ ಚೆನ್ನಾಗಿ ಬಂದಿತ್ತು, ಅಷ್ಟನ್ನೇ ಕತ್ತರಿಸಿದೆ."

ಅಳಿಯನ ಹತ್ತಿರ ಫೋಟೋ ಇರಲಿಲ್ಲ. ಔಷಧಿ ಕಂಪನಿಯ ಆಫೀಸಿನ ಬಾಗಿಲಲ್ಲೇ ನಿಂತು, "ನಾನು ಏನೂ ತೆಗೀಲಿಲ್ಲ. ಸುಮ್ಮನೆ ನಿಂತಿದ್ದೆ," ಎಂದು ಮುಖ ತಿರುಗಿಸಿದ. ಕಿವಿ ಮಾತ್ರ ಕೆಂಪಾಗಿತ್ತು, ಕೈ ಜೇಬಿನ ಫೋನಿನ ಮೇಲೆ ಹೋಗಿತ್ತು.

ದಾರಿಯಲ್ಲಿ ಡಾಕ್ಟರು ತಡೆಯಲಾರದೆ ಹೇಳಿದರು: "ಅಳಿಯನೇ ಕಣಮ್ಮ. ಏನೋ ಮುಚ್ಚಿಡ್ತಾ ಇದ್ದಾನೆ."

"ಮುಚ್ಚಿಡ್ತಿರೋದು ನಿಜ," ಎಂದಳು ಅವಳು.

ಸಂಜೆ ಬೇಕರಿಯಾಕೆಯ ಪ್ರಿಂಟೂ, ಮೇಷ್ಟ್ರು ಅದೇ ಗಳಿಗೆಯಲ್ಲಿ ತೆಗೆದಿದ್ದ ಫೋಟೋದ ಪ್ರಿಂಟೂ ಬಂದವು. ಡಾಕ್ಟರು ಮೂರನ್ನೂ ಮೇಜಿನ ಮೇಲೆ ಹರಡಿ ನೋಡಿದರು. ಮೇಷ್ಟ್ರದು ಕೊಂಚ ಅಲುಗಿತ್ತು. ಪಾಪ, ಆ ಕಣ್ಣಿಗೆ ಅಷ್ಟಾದರೂ ಸಿಕ್ಕಿದ್ದೇ ಹೆಚ್ಚು. "ಸ್ಟುಡಿಯೋದವನದೇ ಎಲ್ಲಕ್ಕಿಂತ ಚೆನ್ನಾಗಿದೆ. ಸೊಳ್ಳೆ ಸೂಜಿ ಸಮೇತ ಬಂದಿದೆ," ಎಂದರು.

ವಕೀಲಮ್ಮ ತಟ್ಟನೆ ತಲೆಯೆತ್ತಿದಳು. ಆಮೇಲೆ ಎದ್ದು ಬಂದು, ದಿವಾನದ ಮೇಲಿದ್ದ ದಿಂಬನ್ನು ವಿಮಾನದ ಹಾಗೆ ಹಿಡಿದು, ಕೋಣೆಯ ಉದ್ದಕ್ಕೆ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ನಡೆದಳು. "ಭಾವ, ನಾಳೆ ಸಂಜೆ ಎಲ್ಲರನ್ನೂ ಇಲ್ಲಿಗೆ ಕರೀರಿ."

ಮರುದಿನ ಎಲ್ಲರೂ ಬಂದರು. ಬೇಕರಿಯಾಕೆ ಒಂದು ಪೊಟ್ಟಣ ಬಿಸ್ಕತ್ತು ತಂದಿದ್ದಳು. ಯಾರೂ ಮುಟ್ಟಲಿಲ್ಲ.

"ಡಿಸ್ಕ್ ಹೋದದ್ದು ವಿಮಾನಗಳು ಏರಿದ ಗಳಿಗೆಯಲ್ಲೇ," ಎಂದು ವಕೀಲಮ್ಮ ಶುರುಮಾಡಿದಳು. "ಅದಕ್ಕೆ ಮೊದಲು ಎಲ್ಲರೂ ಅದನ್ನ ನೋಡಿದ್ದೀರಿ, ಆಮೇಲೆ ಚೀಲ ಮೇಷ್ಟ್ರ ಹೆಗಲು ಬಿಟ್ಟು ಇಳಿದಿಲ್ಲ. ಹೊರಗಿನವರಾಗಿದ್ದರೆ ಚೀಲವನ್ನೇ ಎತ್ತಿಕೊಂಡು ಹೋಗ್ತಿದ್ದರು. ಡಬ್ಬಿ ತೆರೆದು, ಡಿಸ್ಕ್ ತೆಗೆದು, ಮತ್ತೆ ಮುಚ್ಚಿಟ್ಟವರಿಗೆ ಏನು ಬೇಕು ಅನ್ನೋದು ಸರಿಯಾಗಿ ಗೊತ್ತಿತ್ತು. ಆದರೆ ಅವರು ಅದಕ್ಕೊಂದು ಬೆಲೆ ತೆರಬೇಕಾಯ್ತು. ಎಲ್ಲರೂ ಮೇಲೆ ನೋಡಿದಾಗ ಅವರು ಕೆಳಗೆ ನೋಡಬೇಕಾಯ್ತು. ಆ ಕೊನೇ ಹಾರಾಟದ ಫೋಟೋ ಅವರ ಹತ್ತಿರ ಇರೋಕೆ ಸಾಧ್ಯವಿಲ್ಲ. ಅದಕ್ಕೇ ಪ್ರಿಂಟ್ ಕೇಳಿದೆ."

ಎಲ್ಲರ ಕಣ್ಣೂ ಅಳಿಯನ ಮೇಲೆ ಹೋಯಿತು. ಅವನು ಕುರ್ಚಿಯಲ್ಲಿ ಕುಗ್ಗಿದ.

"ಇವರ ಹತ್ತಿರ ಫೋಟೋ ಇಲ್ಲ, ನಿಜ. ಆದರೆ ಕದ್ದವರು ಫೋಟೋ ಇಲ್ಲ ಅಂತ ಒಪ್ಪಿಕೊಳ್ತಾರಾ? ಹೇಗಾದರೂ ಒಂದನ್ನ ಹೊಂದಿಸ್ತಾರೆ." ಅವಳು ಮೂರು ಪ್ರಿಂಟುಗಳನ್ನು ಸಾಲಾಗಿ ಇಟ್ಟಳು. "ಆ ದಿನ ವಿಮಾನಗಳು ಬಲದಿಂದ ಎಡಕ್ಕೆ ಹೋದವು. ಎಡಕ್ಕೆ ಹೋಗೋ ವಿಮಾನದ ಯಾವ ಪಕ್ಕ ನಮಗೆ ಕಾಣುತ್ತೆ? ಎಡಪಕ್ಕ. ಕೊಳವೆ ಇರೋದು ಬಲಗಡೆ. ಬೇಕರಿ ಅಕ್ಕನ ಫೋಟೋದಲ್ಲಿ, ಮೇಷ್ಟ್ರ ಫೋಟೋದಲ್ಲಿ ಅದು ಮೂತಿಯ ಮರೆಯಲ್ಲಿದೆ, ಕಾಣೋದೇ ಇಲ್ಲ. ಈ ಮೂರನೇದರಲ್ಲಿ ಮಾತ್ರ ಫಳಫಳ ಹೊಳೀತಿದೆ."

ಬೇಕರಿಯಾಕೆ ಬಾಯಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಹೌದಲ್ಲ!"

"ಇದು ರಿಹರ್ಸಲ್ ದಿನದ ಫೋಟೋ. ಅವತ್ತು ವಿಮಾನ ಬಲಕ್ಕೆ ಹೋಗ್ತಿತ್ತು, ಕೊಳವೆ ಕಾಣ್ತಿತ್ತು. ಅದನ್ನ ಕನ್ನಡಿಯಲ್ಲಿ ನೋಡಿದ ಹಾಗೆ ಮಗುಚಿದರೆ ವಿಮಾನ ಎಡಕ್ಕೆ ತಿರುಗುತ್ತೆ. ಬಾಲದ ಮೇಲಿನ ಸಂಖ್ಯೆಯೂ ತಿರುಗುಮುರುಗಾಗುತ್ತೆ. ಅದಕ್ಕೇ ಬಾಲ ಕತ್ತರಿಸಿದ್ದು. ರನ್‌ವೇಯ ಆಚೆ ಬದಿಯಿಂದ ತೆಗೆದೆ ಅಂತೀರೇನು? ಅಲ್ಲಿಂದ ಕೊಳವೆ ಕಂಡರೂ ಮೂತಿ ಬಲಕ್ಕಿರುತ್ತೆ. ಅದೂ ಅಲ್ಲದೆ ಅದು ಬೇಲಿಯ ಒಳಗೆ, ವಾಯುನೆಲೆಯ ಪೊಲೀಸರಿಗೂ ಉತ್ತರ ಹೇಳಬೇಕಾಗುತ್ತೆ."

ಸ್ಟುಡಿಯೋದವನು ಕೈಚಾಚಿ ತನ್ನ ಪ್ರಿಂಟನ್ನು ಬೋರಲು ಹಾಕಿದ.

ವಕೀಲಮ್ಮ ಅಳಿಯನ ಕಡೆ ತಿರುಗಿದಳು. ದನಿ ಮೆತ್ತಗಾಗಿತ್ತು. "ಈಗ ನಿಮ್ಮ ಫೋನ್ ತೋರಿಸಿ. ನೀವೂ ಏನೋ ತೆಗೆದಿದ್ದೀರಿ. ಸುಳ್ಳು ಹೇಳುವಾಗ ನಿಮ್ಮ ಕೈ ಅದರ ಮೇಲೇ ಹೋಗಿತ್ತು."

ಅವನು ತಡವರಿಸುತ್ತ ಫೋನ್ ಹೊರಗೆ ತೆಗೆದ. ವಿಡಿಯೊದಲ್ಲಿ ವಿಮಾನವೇ ಇರಲಿಲ್ಲ. ಇದ್ದದ್ದು ಮೇಷ್ಟ್ರ ಮುಖ. ಕ್ಯಾಮೆರಾದಿಂದ ಕಣ್ಣು ತೆಗೆದು ಆಕಾಶದ ಕಡೆಗೆ ಎತ್ತಿದ, ಕಣ್ಣಂಚಿನಲ್ಲಿ ನೀರು ತುಂಬಿದ, ಮಗುವಿನ ಹಾಗೆ ಬಾಯಿ ತೆರೆದ ಮುಖ. ಅವರ ಹಿಂದೆ ಪೊದೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಬೆಳಿಗ್ಗೆ ಹಾಗೆಲ್ಲ ಮಾತಾಡಿಬಿಟ್ಟು, ಆಮೇಲೆ ಇದನ್ನ ತೆಗೆದೆ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಯ್ತು ಮಾವ," ಎಂದ ಅಳಿಯ. ಮೇಷ್ಟ್ರು ತಡಕಾಡಿ ಅವನ ಮೊಣಕೈ ಹಿಡಿದುಕೊಂಡರು.

ಸ್ಟುಡಿಯೋದವನು ಜೇಬಿನಿಂದ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟ. "ಫೋಟೋ ತೆಗೆಯೋದೇ ನನ್ನ ಹೊಟ್ಟೆಪಾಡು. ಸಂಗ್ರಹಾಲಯಕ್ಕೆ ನನ್ನ ಫೋಟೋಗಳನ್ನೂ ಕಳಿಸಿದ್ದೆ. ಮೇಷ್ಟ್ರದು ನೋಡಿ ಕಲಿತುಕೊಳ್ಳಿ ಅಂತ ವಾಪಸ್ ಬಂತು. ಹೊಟ್ಟೆಗೆ ಕಿಚ್ಚು ಬಿದ್ದ ಹಾಗಾಯ್ತು. ಸುತ್ತಿಗೆ ತಗೊಂಡು ಪುಡಿಮಾಡಬೇಕು ಅಂತಲೇ ಎತ್ಕೊಂಡೆ. ಅದಕ್ಕೆ ಮೊದಲು ಒಂದ್ಸಲ ನೋಡಿಬಿಡೋಣ ಅಂತ ಹಾಕಿದೆ. ನೋಡಿದ ಮೇಲೆ ಕೈ ಬರಲಿಲ್ಲ."

ಮೇಷ್ಟ್ರು ನಿಧಾನವಾಗಿ ಕೇಳಿದರು: "ಯಾವುದು ಚೆನ್ನಾಗಿತ್ತು?"

"ಮಳೆ ನಿಂತ ಮೇಲೆ ತೆಗೆದದ್ದು ಒಂದಿದೆಯಲ್ಲ. ರನ್‌ವೇ ಪೂರ್ತಿ ನೀರು, ಮೇಲೊಂದು ವಿಮಾನ, ನೀರಲ್ಲೊಂದು ವಿಮಾನ. ಅಂಥಾ ಜಾಗ ಎಲ್ಲಿ ಸಿಕ್ಕಿತು ಮೇಷ್ಟ್ರೇ?"

"ರೈಲ್ವೆ ಮೇಲ್ಸೇತುವೆಯ ಕೊನೇ ಮೆಟ್ಟಿಲು. ಕೂತು ತೆಗೀಬೇಕು, ನಿಂತರೆ ಸೇತುವೆಯ ಕಂಬಿ ಅಡ್ಡ ಬರುತ್ತೆ." ಮೇಷ್ಟ್ರು ಡಿಸ್ಕನ್ನು ಕೈಗೆತ್ತಿಕೊಂಡು, ಬೆರಳಿನಿಂದ ಸವರಿ, ಮತ್ತೆ ಅವನ ಕಡೆಗೇ ಚಾಚಿದರು. "ನನಗೆ ಈಗ ಬಣ್ಣ ಸರಿಯಾಗಿ ತಿಳಿಯೋದಿಲ್ಲ. ಒಂದು ಪ್ರತಿ ಮಾಡಿ ನನ್ನ ಅಳಿಯನ ಕೈಗೆ ಕೊಡು. ಆಮೇಲೆ ಸಂಗ್ರಹಾಲಯಕ್ಕೆ ಬೇಕಾದ ಪ್ರಿಂಟುಗಳನ್ನ ನೀನೇ ಮಾಡು. ಈ ಊರಲ್ಲಿ ನಿನ್ನಷ್ಟು ಚೆನ್ನಾಗಿ ಮಾಡೋರು ಇನ್ನೊಬ್ಬರಿಲ್ಲ."

ಎಲ್ಲರೂ ಹೋದ ಮೇಲೆ ವಕೀಲಮ್ಮ, "ನಾನಾಗಿದ್ದರೆ ಕೊಡ್ತಿರಲಿಲ್ಲ ಭಾವ," ಎಂದಳು.

"ನಾನೂ ಅಷ್ಟೇ," ಎಂದರು ಡಾಕ್ಟರು.

ಸಂಗ್ರಹಾಲಯ ತೆರೆದ ದಿನ ಡಾಕ್ಟರೇ ಮೇಷ್ಟ್ರ ಕೈಹಿಡಿದು ಒಳಗೆ ಕರೆದೊಯ್ದರು. ಚಿತ್ರದಿಂದ ಚಿತ್ರಕ್ಕೆ ಮೇಷ್ಟ್ರು ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ತಲೆಯನ್ನು ಓರೆಮಾಡಿ ಇಣುಕುತ್ತಿದ್ದರು. ಏನೋ ಸಿಗುತ್ತಿತ್ತು, ಏನೋ ಜಾರಿಹೋಗುತ್ತಿತ್ತು. ಕೊನೆಯ ಕೋಣೆಯ ತಿರುವಿನಲ್ಲಿ ಡಾಕ್ಟರು ತಾವೇ ನಿಂತುಬಿಟ್ಟರು. ಎದುರಿನ ಗೋಡೆ ನೆಲದಿಂದ ಸೂರಿನ ತನಕ ಒಂದೇ ಚಿತ್ರ. ನೀರು ತುಂಬಿದ ರನ್‌ವೇ, ಅದರ ಮೇಲೆ ಆಳೆತ್ತರದ ವಿಮಾನ. ಅಷ್ಟು ದೊಡ್ಡದು ಬೇಕೆಂದು ಸಂಗ್ರಹಾಲಯದವರು ಕೇಳಿರಲಿಲ್ಲ. ಪಟ್ಟಿಪಟ್ಟಿಯಾಗಿ ಪ್ರಿಂಟ್ ಮಾಡಿ ತಾನೇ ಅಂಟಿಸಿದ ಸ್ಟುಡಿಯೋದವನು ಮೂಲೆಯಲ್ಲಿ ಕೈಕಟ್ಟಿಕೊಂಡು ನಿಂತಿದ್ದ.

ಮೇಷ್ಟ್ರು ಡಾಕ್ಟರ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ತಲೆಯನ್ನು ಒಂದು ಕಡೆಗೆ ವಾಲಿಸಿ, ನಡುವಿನ ಕಲೆಯ ಸುತ್ತ ಕಣ್ಣಂಚಿನಿಂದ ಬಹಳ ಹೊತ್ತು ನೋಡಿದರು.

"ಅಗೋ," ಎಂದರು, "ಪೂರ್ತಿ ಕಾಣ್ತಾ ಇದೆ."