ದುಂಡು ಮೇಜಿಗೆ ಆರು ಜನ

“ನಾವಿಬ್ರೂ ಪಕ್ಕಪಕ್ಕ ಕೂರೋದು ಬೇಡ,” ಎಂದಳು ಅವಳು.

ಅವನ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಹುಡುಗರೆಲ್ಲ ಹೊರಟುಹೋಗಿದ್ದ ಕ್ಲಾಸ್‌ರೂಮು. ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ, ಸುತ್ತ ಆರು ಕುರ್ಚಿ. ನಾಳೆ ಮಧ್ಯಾಹ್ನ ಹೋಟೆಲಿನ ದುಂಡು ಮೇಜಿಗೆ ಎರಡೂ ಮನೆಯವರು ಮೊದಲ ಸಲ ಒಟ್ಟಿಗೆ ಊಟಕ್ಕೆ ಕೂರುವವರಿದ್ದರು. ಆ ಊಟ ಕೆಟ್ಟರೆ ಇವರ ಮದುವೆಯ ಮಾತು ಅಲ್ಲಿಗೇ ಮುಗಿದಂತೆ.

ಇಬ್ಬರೂ ಒಂದೇ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವರು, ಒಬ್ಬರಿಗೊಬ್ಬರು ಮನಸ್ಸು ಕೊಟ್ಟವರು. ಮನೆಯವರದು ಮಾತ್ರ ಹಾವು ಮುಂಗುಸಿ ಸಂಬಂಧ. ಅವನ ಅಮ್ಮ ಮತ್ತು ಅಕ್ಕನದು ಮಹಡಿ ಮೇಲೆ ಟೈಲರಿಂಗ್ ಅಂಗಡಿ. ಅದರ ಕೆಳಗೇ ಅವಳ ಅಪ್ಪ ಮತ್ತು ಅಣ್ಣನ ಗಡಿಯಾರ ರಿಪೇರಿ ಅಂಗಡಿ. ಯಾವತ್ತೋ ಅಮ್ಮ ಮೆಟ್ಟಿಲು ತೊಳೆದ ನೀರು ಕೆಳಗಿಳಿದು ಗಿರಾಕಿಗಳ ಗಡಿಯಾರಕ್ಕೆಲ್ಲ ನುಗ್ಗಿತ್ತು. ಅಂದಿನಿಂದ ಮುಖ ಕೊಟ್ಟು ಮಾತಿಲ್ಲ.

ಹಾಗಾಗಿ ಆ ಇಬ್ಬರ ಪಕ್ಕ ಈ ಇಬ್ಬರನ್ನು ಕೂರಿಸುವಂತಿಲ್ಲ. ಷರತ್ತೇ ಇಲ್ಲದಿದ್ದರೆ ಆರು ಜನ ದುಂಡಗೆ ಕೂರಲು ನೂರಿಪ್ಪತ್ತು ದಾರಿ. ಅವನು ಬೆಳಗಿನಿಂದ ಎಷ್ಟು ತಿಣುಕಿದರೂ ಷರತ್ತು ಹಾಕಿದ ಮೇಲೆ ಉಳಿಯುತ್ತಿದ್ದದ್ದು ಸೊನ್ನೆ. ಈಗ ಇವಳು ಬೇರೆ ಹೀಗನ್ನುತ್ತಾಳೆ.

“ಈಗ್ಲೇ ಬೇಜಾರಾದ್ನಾ ನಾನು?” ಅವನ ದನಿ ಸಣ್ಣಗಾಯಿತು.

ಅವಳು ಓರೆಗಣ್ಣಿನಲ್ಲಿ ನೋಡಿದಳು. ಕಣ್ಣಿನಲ್ಲಿ ಅಯ್ಯೋ ಪಾಪ ಎನ್ನುವ ಕರುಣೆ, ತುಟಿಯ ತುದಿಯಲ್ಲಿ ತುಂಟ ನಗು.

“ಅಯ್ಯೋ ನನ್ನ ಬೃಹಸ್ಪತಿ. ನಮ್ಮಿಬ್ರನ್ನ ಯಾಕೆ ಮೊದ್ಲೇ ಗಂಟು ಹಾಕ್ಬಿಟ್ಟಿದೀಯ?”

“ಇಬ್ರು ಜೊತೇಲೇ ಇರ್ಬೇಕು ಅಂದ್ರೆ ಒಂದೇ ಅಂತ ಎಣಿಸ್ಬೇಕಲ್ವಾ. ಮಕ್ಳಿಗೆ ದಿನಾ ಹೇಳ್ತೀವಿ.”

“ಇರ್ಲೇಬೇಕು ಅಂತ ಹೇಳಿದ್ಯಾರು?”

ಅವನು ತಬ್ಬಿಬ್ಬಾದ. ನಿಜವೇ, ಯಾರೂ ಹೇಳಿರಲಿಲ್ಲ. ಅವಳ ಪಕ್ಕ ಕೂರುವ ಆಸೆ ಅವನಿಗೇ ಗೊತ್ತಾಗದಂತೆ ಲೆಕ್ಕದೊಳಗೆ ನುಸುಳಿ ಷರತ್ತಾಗಿ ಕೂತಿತ್ತು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ, ಗಣಿತವೂ ಬರುವುದಿಲ್ಲ ಅನ್ನಿ.

ಅವಳು ಸೀಮೆಸುಣ್ಣ ಕಿತ್ತುಕೊಂಡಳು. “ನೋಡಿ ಮೇಷ್ಟ್ರೇ. ನಾವು ಅಂಟ್ಕೊಂಡು ಕೂತ್ರೆ, ಸುತ್ತಿ ಬಂದು ಆ ಕಡೆ ಎಲ್ಲೋ ನಿಮ್ಮೋರೂ ನಮ್ಮೋರೂ ತಗಲೇ ತಗಲ್ತಾರೆ. ಸಾಲಾಗಿ ಕೂತಿದ್ರೆ ಮಧ್ಯೆ ಒಬ್ರು ಸಾಕಿತ್ತು. ದುಂಡಗೆ ಅಂದ್ರೆ ಎರಡು ಕಡೆ ತಡೆ ಬೇಕು. ಇಲ್ಲಿ ನೀನು, ಎದುರಿಗೆ ನಾನು.”

ಸೊನ್ನೆ ಹೋಗಿ ಎಂಟು ದಾರಿ ತೆರೆದವು. ಆದರೂ ಅವನ ಮುಖ ಅರಳಲಿಲ್ಲ.

“ಅಷ್ಟು ದೂರ ಕೂರ್ತೀಯಾ?”

“ಪಕ್ಕ ಕೂತ್ರೆ ನನ್ನ ಕಿವಿ ಮಾತ್ರ ಕಾಣುತ್ತೆ. ಎದುರಿಗಾದ್ರೆ ಪೂರ್ತಿ ಮುಖ,” ಎಂದಳು. ಅವನ ಕಿವಿಗಳೇ ಕೆಂಪಾದವು.

ಮರುದಿನ ಹಾಗೇ ಕೂತರು. ಅವನ ಎಡಕ್ಕೆ ಅಮ್ಮ, ಅಮ್ಮನ ಆಚೆ ಅಕ್ಕ. ಬಲಕ್ಕೆ ಅವಳ ಅಪ್ಪ, ಅಪ್ಪನ ಆಚೆ ಅಣ್ಣ. ಸೂಪು ಆರಿ ತಣ್ಣಗಾದರೂ ಎಲ್ಲರೂ ತಂತಮ್ಮ ಬಟ್ಟಲನ್ನೇ ನೋಡುತ್ತಿದ್ದರು. ಎದುರಿನಿಂದ ಅವಳು ಚಮಚದ ಮೇಲಿಂದ ಕಣ್ಣೆತ್ತಿ ಹುಬ್ಬು ಕೊಂಚ ಏರಿಸಿದಳು. ಅಷ್ಟಕ್ಕೇ ಅವನಿಗೆ ಹೋದ ಜೀವ ಬಂದಂತಾಯಿತು.

ಕೊನೆಗೆ ಅವಳ ಅಪ್ಪ ಗಂಟಲು ಸರಿಮಾಡಿಕೊಂಡರು. “ನಿಮ್ಮಮ್ಮಂಗೆ ಹೇಳಪ್ಪ. ಮೆಟ್ಟಿಲು ತೊಳೆದಿದ್ದು ತಪ್ಪಲ್ಲ. ಒಂದು ಮಾತು ಹೇಳಿ ತೊಳೀಬೇಕಿತ್ತು.”

ಅವನು ತಿರುಗುವ ಮೊದಲೇ ಅಮ್ಮ ಅಂದರು, “ಕೂಗಿದ್ದೆ ಅಂತ ಹೇಳು. ಅಷ್ಟೊಂದು ಗಡಿಯಾರ ಒಟ್ಟಿಗೆ ಬಡ್ಕೋತಿದ್ರೆ ಅವ್ರಿಗೆಲ್ಲಿ ಕೇಳ್ಬೇಕು.”

“ಹನ್ನೆರಡು ಹೊಡೆಯೋ ಹೊತ್ತಿಗೇ ಕೂಗ್ಬೇಕಿತ್ತಾ, ಕೇಳು.” ಅಪ್ಪನ ಮೀಸೆಯಡಿ ನಗು ಇಣುಕಿತು.

ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಮಗನ ಹೆಗಲು ತಳ್ಳಿದರು.

“ಏಳೋ, ಮಧ್ಯೆ ಕಂಬದ ಹಾಗೆ ಕೂತಿದೀಯ. ಕುರ್ಚಿ ಎತ್ಕೊಂಡು ಅವಳ ಹತ್ರ ಹೋಗು. ನಾನು ಬೀಗರ ಜೊತೆ ನೇರವಾಗೇ ಜಗಳ ಆಡ್ತೀನಿ.”