ಪಾಠಕ್ಕೆ ಎಳೆದ ಶಾಲು

ನಾವಿಬ್ಬರೂ ವಿಭಾಗದ ಹಿತ್ತಲಲ್ಲಿ ಕೂತು, ಅಗೆದು ತಂದ ಹಳೇ ಮಡಕೆ ಚೂರು ತೊಳೆಯುತ್ತಿದ್ದೆವು. ರುಬೇನ್ ಹಳೇ ಬ್ರಷ್ಷಿನಿಂದ ಮಣ್ಣು ಬಿಡಿಸಿ ಕೊಡುವನು, ನಾನು ಒರೆಸಿ ಬಿಸಿಲಿಗಿಡುವೆನು. ಬೆರಳು ತಾಗಿದರೆ ಇಬ್ಬರೂ ಬೋಗುಣಿಯೊಳಗೆ ನೋಡುವೆವು.

ಅವನು ಕುಸ್ಕೊ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಮೇಷ್ಟ್ರು. ನಾನು ಸಾತುರ್ನಿನಾ, ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ವಿಭಾಗದಲ್ಲಿ ಕೈಕೆಲಸಕ್ಕಿದ್ದೇನೆ. ಇಬ್ಬರದೂ ಒಂದೇ ಊರು.

"ಏನಪ್ಪಾ ರುಬೇನ್, ಕ್ಲಾಸಿಗೆ ಬರ್ತೀಯೋ, ಪಾತ್ರೆ ತೊಳ್ಕೊಂಡೇ ಇರ್ತೀಯೋ?"

ಕರೆದವರು ಇತಿಹಾಸದ ಹಿಮೇನಾ ಮೇಡಂ, ರಾಜಧಾನಿ ಲಿಮಾದವರು. ನಗುವಾಗ ಅವನ ತೋಳು ಹಿಡಿಯುತ್ತಾರೆ. ಹಿಡಿದ ಕೈಯನ್ನು ಬೇಗ ತೆಗೆಯುವುದಿಲ್ಲ.

ಅಂದು ಇಬ್ಬರೂ ಸೇರಿ ಮದುವೆ ಪದ್ಧತಿಗಳ ಪಾಠ ಮಾಡುತ್ತಿದ್ದರು. ನಾನು ನಕ್ಷೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ನಮ್ಮೂರಲ್ಲಿ ಹುಡುಗ ಬಾಯಿಬಿಟ್ಟು ಕೇಳಲ್ಲ, ಹುಡುಗಿ ಶಾಲು ಎಳ್ಕೊಂಡು ಹೋಗ್ತಾನೆ. ಅವಳು ವಾಪಸ್ ಕೇಳದಿದ್ರೆ ಒಪ್ಪಿದ ಹಾಗೆ," ಎಂದ ರುಬೇನ್.

"ಮಾಡಿ ತೋರ್ಸಿ ಸರ್," ಎಂದಿತು ಹಿಂದಿನ ಬೆಂಚು.

ಅವನು ಮೇಡಂ ಶಾಲು ಎಳೆದು ತನ್ನ ಹೆಗಲಿಗೆ ಹಾಕಿಕೊಂಡ.

"ನಾನಂತೂ ವಾಪಸ್ ಕೇಳಲ್ಲಪ್ಪ," ಎಂದರು ಅವರು. ಕ್ಲಾಸು ಶಿಳ್ಳೆ ಹೊಡೆಯಿತು. ಅವನೂ ನಕ್ಕ. ನಾನು ಕೈಯಲ್ಲಿದ್ದ ನಕ್ಷೆ ಸುತ್ತಿಟ್ಟೆ. ನಮ್ಮೂರಲ್ಲಿ ಅದನ್ನು ಯಾರೂ ಆಟಕ್ಕೆ ಮಾಡುವುದಿಲ್ಲ.

ಪಾಠ ಮುಗಿಸಿ ಅವನು ಮತ್ತೆ ಹಿತ್ತಲಿಗೆ ಬಂದು ಬೋಗುಣಿ ಮುಂದೆ ಕುಳಿತ.

"ಮದುವೆ ಯಾವಾಗ ಮೇಷ್ಟ್ರೇ?" ಎಂದೆ.

"ಯಾರದ್ದೇ?"

"ಹೆಗಲ ಮೇಲೆ ಯಾರ ಶಾಲಿದೆಯೋ, ಅವರದು."

"ಅದು ಪಾಠ ಕಣೇ ಸಾತು."

"ನಿಮ್ಮಮ್ಮ ನೋಡಿದ್ರೆ ಇಷ್ಟೊತ್ತಿಗೆ ಮದುವೆಗೆ ಅಂತ ಮುಸುಕಿನ ಜೋಳದ ಹೆಂಡ ಹುಳಿ ಬರೋಕೆ ಇಟ್ಟಿರೋರು."

ಅವನಿಗೆ ನಗು ಬಂತು, ನನಗೆ ಬರಲಿಲ್ಲ.

"ನಾನೂ ಅಲ್ಲೇ ನಿಂತಿದ್ನಲ್ಲ. ನನ್ನ ಮೈಮೇಲೂ ಶಾಲಿತ್ತು."

ಅವನು ಬ್ರಷ್ಷು ಕೆಳಗಿಟ್ಟ. ಕಿವಿ ಕೆಂಪಾಗಿತ್ತು.

"ನಿಂದು ಎಳೆದಿದ್ರೆ ಅದು ಪಾಠ ಆಗ್ತಿರ್ಲಿಲ್ಲ."

ಎಷ್ಟು ದಿನದಿಂದ ಕಾದಿದ್ದ ಮಾತು. ಬಂದರೂ ಎದೆಗೆ ಪೂರ್ತಿ ಇಳಿಯಲಿಲ್ಲ. ಅವನ ಹೆಗಲಿನಿಂದ ಇನ್ನೊಬ್ಬರ ಅತ್ತರು ಘಮಘಮಿಸುತ್ತಿತ್ತು. ಅವನ ಒದ್ದೆ ಕೈ ನನ್ನ ಶಾಲಿನ ಅಂಚಿನವರೆಗೂ ಬಂತು. ನಾನು ಹಿಂದೆ ಸರಿದೆ.

"ಮೊದ್ಲು ಅದನ್ನ ಅವರಿಗೆ ಕೊಟ್ಟು ಬಾ."

"ನಾಳೆ ಕೊಟ್ರಾಯ್ತು ಬಿಡು. ಅವರೇನೂ ಕೇಳಿಲ್ವಲ್ಲ."

"ಅದಕ್ಕೇ ಹೇಳ್ತಿರೋದು. ಈಗ್ಲೇ ಕೊಟ್ಟು ಬಾ, ರುಬೇನ್."