ಹದಿನಾಲ್ಕನೇ ಫಿಲ್ಮ್ ಹಾಳೆ

ಫೆಬ್ರವರಿ 11, ಬೆಳಿಗ್ಗೆ 10.40. ಮುಖ್ಯೋಪಾಧ್ಯಾಯಿನಿ ಯಾಮಿನಿ ಚಿಂತಾಮಣಿಯ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಶಾಲೆಯ ಹಳೇ ರಿಜಿಸ್ಟರುಗಳು ಗೆದ್ದಲ ಪಾಲಾಗಿದ್ದವು. ಉಳಿದದ್ದು ಅವುಗಳ ಮೈಕ್ರೋಫಿಶ್ ಮಾತ್ರ: ಅಂಗೈಯಗಲದ ಫಿಲ್ಮ್ ಹಾಳೆಗಳು, ಒಂದೊಂದರಲ್ಲೂ ಹತ್ತಾರು ಪುಟ. ಕಂಪ್ಯೂಟರಿಗೆ ಏರಿಸಲೆಂದು ಮೂವತ್ತು ಹಾಳೆ ನಿವೃತ್ತ ಗುಮಾಸ್ತ ವೆಂಕಟರಾಮಪ್ಪನವರ ಮನೆಗೆ ಹೋಗಿದ್ದವು. ವಾಪಸು ಬಂದದ್ದು ಇಪ್ಪತ್ತೊಂಬತ್ತು. 1977–78ರದ್ದು, ಹದಿನಾಲ್ಕನೆಯದು, ಇರಲಿಲ್ಲ.

"ಅದೇ ಯಾಕೆ ಬೇಕು?" ಪಿಎಸ್‌ಐ ಧನುಶ್ರೀ ಕೇಳಿದರು.

"ನಮ್ಮಲ್ಲಿ ಓದಿದ ಮುದ್ದಪ್ಪ ಅನ್ನೋರಿಗೆ ಮೇಡಂ. ಆಧಾರ್‌ನಲ್ಲಿ ವಯಸ್ಸು ಹತ್ತು ವರ್ಷ ಕಮ್ಮಿ ಬಿದ್ದೈತೆ. ಆ ಹಾಳೆ ಸಿಗದಿದ್ರೆ ವೃದ್ಧಾಪ್ಯ ವೇತನ ಇಲ್ಲ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 2.15ಕ್ಕೆ ಧನುಶ್ರೀ, ಕಾನ್‌ಸ್ಟೇಬಲ್ ಎರ್ರಪ್ಪ ಕೈವಾರದಲ್ಲಿದ್ದ ವೆಂಕಟರಾಮಪ್ಪನವರ ಮನೆ ಮುಟ್ಟಿದರು. ಮೇಜಿನ ಮೇಲೆ ಹಳೇ ಸ್ಕ್ಯಾನರ್. ಗಾಜಿನ ಮೇಲೆ ಬೇರಾವುದೋ ಹಳೇ ಫಿಲ್ಮ್, ಅದರ ಮೇಲೆ ಬೆಳಕಿಗೆಂದು ಬಿಳೀ ಪರದೆಯ ಮೊಬೈಲು ಬೋರಲು.

"ಇಷ್ಟರಲ್ಲೇ ಆಗೋಗ್ತದಾ ಸಾರ್?" ಎರ್ರಪ್ಪ ಕೇಳಿದ.

"ಗುಜರಿ ಸ್ಕ್ಯಾನರ್ ಕಣಪ್ಪ. ನನ್ನ ಥರಾನೇ, ನಿಧಾನ."

"ಹದಿನಾಲ್ಕನೇದು?" ಧನುಶ್ರೀ ಕೇಳಿದರು.

"ನನ್ನ ಕೈಗೇ ಬರಲಿಲ್ಲಮ್ಮ."

ಪಕ್ಕದಲ್ಲೊಂದು ನೋಟ್‌ಬುಕ್ ಇತ್ತು. ಹಾಳೆಯ ಸಂಖ್ಯೆ, ದಿನ, ವೇಳೆ, ಮುಗಿದದ್ದಕ್ಕೆ ಕೆಂಪು ಟಿಕ್. ಹದಿನಾಲ್ಕರ ಎದುರು ಫೆಬ್ರವರಿ 3, ಸಂಜೆ 4.20. ಟಿಕ್ ಇತ್ತು.

"ಬರದೇ ಇರೋ ಹಾಳೆಗೆ ಟಿಕ್ ಹೆಂಗೆ ಬಿತ್ತು ಸಾರ್?"

ವೆಂಕಟರಾಮಪ್ಪ ಕನ್ನಡಕ ತೆಗೆದರು. "ಆ ಸಾಲು ಹೊಡೆದು ಹಾಕೋಣ ಅಂತಿದ್ದೆ. ಇನ್ನೊಂದು ಸುಳ್ಳಿಗೆ ಕೈ ಬರಲಿಲ್ಲಮ್ಮ."

ಪಂಚಾಂಗದ ನಡುವೆ ಹಾಳೆ ಸಿಕ್ಕಿತು. ಸುಡಲು ಮನಸ್ಸು ಬಂದಿರಲಿಲ್ಲ. ಪಂಚನಾಮೆ ಮುಗಿಸಿ, ಹಾಳೆ ಜಪ್ತಿ ಮಾಡಿ, 4.50ಕ್ಕೆ ಅವರನ್ನು ಬಂಧಿಸಲಾಯಿತು.

ಸುದ್ದಿ ಕೇಳಿ ಠಾಣೆಗೆ ಓಡಿಬಂದ ಮುದ್ದಪ್ಪ ಸಿಡುಕಿದರು. "ನಮ್ಮ ಸಾರನ್ನ ಯಾಕಮ್ಮ ಹಿಡ್ಕೊಂಡು ಬಂದ್ರಿ? ನಲವತ್ತು ವರ್ಷದಿಂದ ನನ್ನ ಅರ್ಜಿಯೆಲ್ಲಾ ಅವ್ರೇ ಬರೆದುಕೊಟ್ಟಿರೋದು, ಒಂದು ಕಾಫಿ ಕೂಡ ಕುಡೀದೆ!"

ಧನುಶ್ರೀ ವೆಂಕಟರಾಮಪ್ಪನವರ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು: 'ಟಿಸಿ ಕೇಳಿದ್ದು ಮೇಲಿನ ಗೆರೆಯ ಹುಡುಗ. ರಿಜಿಸ್ಟರಿನ ಮೇಲಿಟ್ಟ ಸ್ಕೇಲು ಒಂದು ಗೆರೆ ಕೆಳಗೆ ಜಾರಿ, ಷರಾ ಮುದ್ದಪ್ಪನ ಗೆರೆಗೆ ಬಿದ್ದಿತ್ತು. ಹಾಲ್‌ಟಿಕೆಟ್ ಬರಲಿಲ್ಲವೆಂದು ಮುದ್ದಪ್ಪ ಅಳುತ್ತಾ ನಿಂತಾಗ ಗೊತ್ತಾಯಿತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸುಮ್ಮನಾದೆ.' ತಮ್ಮ ಮನೆಯ ಫ್ರಿಜ್ಜಿನ ಮೇಲೆ ಮಗಳು ಅಂಟಿಸಿದ್ದ ಹಾಲ್‌ಟಿಕೆಟ್ ಧನುಶ್ರೀಗೆ ನೆನಪಾಯಿತು.

ಆ ಹಾಳೆಯ ಸ್ಕ್ಯಾನ್ ತೆರೆದಿದ್ದ ಕಂಪ್ಯೂಟರಿಗೆ ಬಗ್ಗಿ ಮುದ್ದಪ್ಪ ತಮ್ಮ ಗೆರೆಯನ್ನು ತಾವೇ ಓದಿಕೊಂಡರು. ಜನ್ಮದಿನಾಂಕ ಇತ್ತು. ಕೊನೆಯ ಅಂಕಣದಲ್ಲಿ, 'ಶಾಲೆ ಬಿಟ್ಟಿದ್ದಾನೆ'.

"ನಾನು ಬಿಟ್ಟಿರ್ಲಿಲ್ಲ ಸಾರ್," ಎಂದರು ಮೆಲ್ಲಗೆ.

ಎರ್ರಪ್ಪ ಹೇಳಿಕೆಯನ್ನು ಸಹಿಗೆ ಮುಂದಿಟ್ಟಾಗ ವೆಂಕಟರಾಮಪ್ಪ ಒಂದು ಸ್ಕೇಲು ಕೇಳಿದರು. ತಮ್ಮ ಹೆಸರಿದ್ದ ಗೆರೆಯ ಕೆಳಗೆ ಅದನ್ನಿಟ್ಟು, ಎಡಗೈಯಿಂದ ಅದುಮಿ ಹಿಡಿದು, ಸಹಿ ಹಾಕಿದರು.